ಪರ್ಮಿಶನ್ ಡಿನೈಡ್: ಬೇಡ ಅಂದಿದ್ದು ಯಾರು?

(ಸಿಸ್ಟಂ ಅಡ್ಮಿನ್‌ಗಳು, ಪ್ರೋಗ್ರಾಮರ್‌ಗಳು ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಅಲ್ಲಿ ಪರದೆಯ ಮೇಲೆ ಟೈಪ್ ಮಾಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸರ್ವರ್ ನಿಧಾನವಾಗಿದೆ, ಜನ ಕಾಯುತ್ತಿದ್ದಾರೆ. ಸಿಪಿಯು ಯಾವ ಫಂಕ್ಷನ್‌ನಲ್ಲಿ ಹೊತ್ತು ಕಳೆಯುತ್ತಿದೆ ಅಂತ ನೋಡಲು ನೀವು ಪರ್ಫ್ ಟೂಲ್ ಓಡಿಸುತ್ತೀರಿ. ಅದು ಪರ್ಮಿಶನ್ ಇಲ್ಲ ಅನ್ನುತ್ತದೆ. ಇಂಥ ಹೊತ್ತಿನಲ್ಲಿ ಬಹಳ ಜನ ಮೊದಲು ಸುಡೋ (ರೂಟ್ ಎಂಬ ಪೂರ್ಣ ಅಧಿಕಾರದ ಬಳಕೆದಾರನಾಗಿ ಓಡಿಸುವ ಕಮಾಂಡ್) ಹಾಕಿ ನೋಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಎಲ್ಲೋ ಓದಿದ ಒಂದು ಸಾಲು ಅಂಟಿಸಿ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಒಂದು ಕಾವಲು ಸೆಟ್ಟಿಂಗನ್ನು -1, ಅಂದರೆ ಪೂರ್ತಿ ಸಡಿಲ, ಮಾಡುತ್ತಾರೆ. ಕಂಟೇನರ್ (ಪ್ರೋಗ್ರಾಂ ಅನ್ನು ಬೇರ್ಪಡಿಸಿ ಓಡಿಸುವ ಆವರಣ) ಆಗಿದ್ದರೆ ಪ್ರಿವಿಲೆಜ್ಡ್ ಅಂತ ಹಾಕಿ ಮತ್ತೆ ಶುರುಮಾಡುತ್ತಾರೆ. ಅಳತೆ ಸಿಗುತ್ತದೆ, ತೊಂದರೆ ಪತ್ತೆಯಾಗುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಆ -1 ಮಾತ್ರ ಮೆಷಿನ್ ರೀಬೂಟ್ ಆಗುವ ತನಕ ಉಳಿಯುತ್ತದೆ. ಕಾನ್ಫಿಗ್ ಫೈಲ್‌ಗೆ ಬರೆದಿದ್ದರೆ ಆಮೇಲೂ ಉಳಿಯುತ್ತದೆ.

ನಾನು ಇವತ್ತು ಕೇಳಿಕೊಳ್ಳುವುದು ಒಂದೇ. ಬಾಗಿಲು ತೆರೆಯುವ ಮುಂಚೆ, ಬೇಡ ಅಂದವರು ಯಾರು ಅಂತ ಗೊತ್ತುಮಾಡಿಕೊಳ್ಳಿ. ಲಿನಕ್ಸ್‌ನಲ್ಲಿ ಒಂದು ಅಳತೆಯ ಟೂಲನ್ನು ತಡೆಯಬಲ್ಲ ಕಡೆಗಳು ಹಲವು ಇವೆ. ಫೈಲಿನ ಮಾಲೀಕತ್ವ ತಡೆಯಬಹುದು, ಕರ್ನಲ್‌ನ ಸೆಟ್ಟಿಂಗ್ ತಡೆಯಬಹುದು, ಸೆಕಾಂಪ್ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ಸೋಸುವ ಫಿಲ್ಟರ್) ತಡೆಯಬಹುದು, ಸೆಲಿನಕ್ಸ್ (ಯಾರು ಏನು ಮಾಡಬಹುದು ಅನ್ನುವ ಇನ್ನೊಂದು ಸುರಕ್ಷತಾ ನಿಯಮಾವಳಿ) ತಡೆಯಬಹುದು. ಎಲ್ಲವೂ ಹೆಚ್ಚುಕಡಿಮೆ ಅದೇ ಎರಡು ಸಂದೇಶಗಳನ್ನು ಕೊಡುತ್ತವೆ: ಪರ್ಮಿಶನ್ ಡಿನೈಡ್ ಅಥವಾ ಆಪರೇಶನ್ ನಾಟ್ ಪರ್ಮಿಟೆಡ್. ಅದಕ್ಕೇ ಊಹೆ ಮಾಡುತ್ತಾ ಹೋದರೆ ತಪ್ಪು ಬಾಗಿಲು ತೆರೆಯುವ ಸಾಧ್ಯತೆ ಜಾಸ್ತಿ.

ಅಳತೆ ಮಾಡುವುದಕ್ಕೆ ಯಾಕೆ ಇಷ್ಟು ಕಾವಲು?

ಈ ಪ್ರಶ್ನೆ ಸಹಜ. ನಾನು ಸುಮ್ನೆ ಎಣಿಸುತ್ತಿದ್ದೇನೆ, ಏನನ್ನೂ ಬದಲಿಸುತ್ತಿಲ್ಲ, ಅಲ್ವಾ? ಇದರ ಉತ್ತರ ಇತಿಹಾಸದಲ್ಲಿದೆ.

ಪರ್ಫ್‌ಗೆ ಬೇಕಾದ ಸಿಸ್ಟಂ ಕಾಲ್‌ನ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಯ) ಹೆಸರು ಪರ್ಫ್ ಇವೆಂಟ್ ಓಪನ್. ಅದು 2009ರಲ್ಲಿ, 2.6.31ನೇ ಕರ್ನಲ್ ಜೊತೆ ಬಂತು. ಒಂದೇ ಕಾಲ್, ಆದರೆ ಅದು ತೆಗೆದುಕೊಳ್ಳುವ ಆಯ್ಕೆಗಳು ತುಂಬಾ. ಆಯ್ಕೆಗಳು ಜಾಸ್ತಿಯಾದಲ್ಲಿ ಬಗ್‌ಗಳೂ ಜಾಸ್ತಿ. 2013ರಲ್ಲಿ ಅಂಥ ಒಂದು ಬಗ್ ಹೊರಬಂತು. ಬಳಕೆದಾರ ಕೊಡುವ 64 ಬಿಟ್‌ನ ಒಂದು ಸಂಖ್ಯೆಯನ್ನು ಕರ್ನಲ್ ಸಾಮಾನ್ಯ ಇಂಟ್‌ಗೆ ಹಾಕಿಕೊಳ್ಳುತ್ತಿತ್ತು. ಅದು ಮಿತಿಗಿಂತ ದೊಡ್ಡದಾ ಅಂತ ನೋಡುತ್ತಿತ್ತು, ಸೊನ್ನೆಗಿಂತ ಚಿಕ್ಕದಾ ಅಂತ ನೋಡುತ್ತಿರಲಿಲ್ಲ. ಋಣ ಸಂಖ್ಯೆ ಕೊಟ್ಟರೆ ಅರೇಯ ಆಚೆಗಿನ ಮೆಮೊರಿಗೆ ಕೈ ಹೋಗುತ್ತಿತ್ತು. ಸಾಮಾನ್ಯ ಲಾಗಿನ್ ಇರುವ ಯಾರು ಬೇಕಾದರೂ ರೂಟ್ ಆಗಬಹುದಿತ್ತು. 2.6.37ರಿಂದಲೇ ಇದ್ದ ಬಗ್ ಅದು. ಟ್ರಿನಿಟಿ ಎಂಬ ಪರೀಕ್ಷಾ ಟೂಲ್ ಓಡಿಸುವಾಗ ಸಿಕ್ಕಿತು. 3.8.9ರಲ್ಲಿ ಸರಿಯಾಯಿತು.

ಇನ್ನೊಂದು ಬಗೆಯ ಅಪಾಯಕ್ಕೆ ಬಗ್ಗೇ ಬೇಕಿಲ್ಲ. ಅಳತೆಯೇ ಗುಟ್ಟು ಹೇಳಿಬಿಡುತ್ತದೆ. ಇಂಟೆಲ್ ಚಿಪ್‌ಗಳಲ್ಲಿ ಎಷ್ಟು ವಿದ್ಯುತ್ ಖರ್ಚಾಯಿತು ಅಂತ ಹೇಳುವ ರಾಪಲ್ ಎಂಬ ಸೌಲಭ್ಯ ಇದೆ. ಅದರ ಓದನ್ನು ಲಿನಕ್ಸ್‌ನಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. 2020ರ ನವೆಂಬರ್‌ನಲ್ಲಿ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯ, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಮೊದಲಾದ ಕಡೆಯ ಸಂಶೋಧಕರು ಪ್ಲಾಟಿಪಸ್ ಎಂಬ ದಾಳಿಯನ್ನು ಪ್ರಕಟಿಸಿದರು. ವಿದ್ಯುತ್ ಖರ್ಚಿನ ಏರಿಳಿತ ನೋಡಿಯೇ ಗುಪ್ತ ಕೀಲಿಗಳನ್ನು ಹೊರತೆಗೆಯಬಹುದು ಅಂತ ತೋರಿಸಿದರು. ಅದಾದ ಮೇಲೆ ಕರ್ನಲ್ ಆ ಫೈಲನ್ನು ರೂಟ್ ಮಾತ್ರ ಓದುವ ಹಾಗೆ ಮಾಡಿತು. ಅಲ್ಲಿಯ ತನಕ ಚೆನ್ನಾಗಿ ಓಡುತ್ತಿದ್ದ ವಿದ್ಯುತ್ ಅಳೆಯುವ ಟೂಲ್‌ಗಳು ಅಪ್‌ಡೇಟ್ ಆದ ಮರುದಿನ ಪರ್ಮಿಶನ್ ಡಿನೈಡ್ ಅಂದವು. ನಿಮ್ಮ ಟೂಲ್ ಕೆಟ್ಟಿದೆ ಅಂತ ಮತ್ತೆ ಇನ್‌ಸ್ಟಾಲ್ ಮಾಡುತ್ತಾ ಕೂತರೆ ಇದು ಸರಿಹೋಗುವುದಿಲ್ಲ.

ಇದನ್ನು ಹೇಳಿದ್ದು ಹೆದರಿಸಲಿಕ್ಕೆ ಅಲ್ಲ. ತಡೆ ಹಾಕಿದವರಿಗೆ ಒಂದೊಂದು ಕಾರಣ ಇತ್ತು. ಆ ಕಾರಣ ನಿಮ್ಮ ಮೆಷಿನ್‌ಗೆ ಎಷ್ಟು ಅನ್ವಯಿಸುತ್ತದೆ ಅನ್ನುವುದನ್ನು ನೀವೇ ನಿರ್ಧರಿಸಬೇಕು. ನೀವೊಬ್ಬರೇ ಬಳಸುವ ಲ್ಯಾಪ್‌ಟಾಪ್ ಬೇರೆ, ಹತ್ತು ತಂಡಗಳ ಕಂಟೇನರ್ ಓಡುವ ಸರ್ವರ್ ಬೇರೆ.

ಆ ಒಂದು ಸಂಖ್ಯೆ

ಪ್ರಾಕ್ ಒಳಗಿನ ಸಿಸ್, ಅದರೊಳಗಿನ ಕರ್ನಲ್ ಫೋಲ್ಡರ್‌ನಲ್ಲಿ ಪರ್ಫ್ ಇವೆಂಟ್ ಪ್ಯಾರನಾಯ್ಡ್ ಎಂಬ ಫೈಲ್ ಇದೆ (/proc/sys/kernel/perf_event_paranoid). ಒಳಗೆ ಇರುವುದು ಒಂದೇ ಸಂಖ್ಯೆ. ಮೊದಲು ಕ್ಯಾಟ್ ಮಾಡಿ ಅದನ್ನು ಓದಿ. ಓದಲು ಯಾರ ಅಪ್ಪಣೆಯೂ ಬೇಡ.

2 ಇದ್ದರೆ, ಸಾಮಾನ್ಯ ಬಳಕೆದಾರ ತನ್ನ ಪ್ರೋಸೆಸ್‌ಗಳನ್ನು ಅಳೆಯಬಹುದು, ಆದರೆ ಯೂಸರ್ ಭಾಗವನ್ನು, ಅಂದರೆ ಕರ್ನಲ್ ಹೊರಗೆ ಓಡುವ ಕೋಡನ್ನು ಮಾತ್ರ. ಕರ್ನಲ್ ಒಳಗೆ ಕಳೆದ ಹೊತ್ತು ಕಾಣುವುದಿಲ್ಲ. 1 ಇದ್ದರೆ ತನ್ನ ಪ್ರೋಸೆಸ್‌ಗಳ ಕರ್ನಲ್ ಭಾಗವೂ ಕಾಣುತ್ತದೆ. 0 ಇದ್ದರೆ ಇಡೀ ಸಿಪಿಯುವನ್ನು, ಅಂದರೆ ಎಲ್ಲರ ಕೆಲಸವನ್ನೂ ಒಟ್ಟಿಗೆ ನೋಡಬಹುದು. -1 ಇದ್ದರೆ ಕಚ್ಚಾ ಟ್ರೇಸ್‌ಪಾಯಿಂಟ್‌ಗಳೂ (ಕರ್ನಲ್ ಕೋಡ್ ಒಳಗೆ ಗುರುತು ಹಾಕಿಟ್ಟ ವೀಕ್ಷಣೆಯ ಜಾಗಗಳು) ತೆರೆದುಕೊಳ್ಳುತ್ತವೆ, ಬಫರ್ ಮೆಮೊರಿಯ ಮಿತಿಯೂ ಹೋಗುತ್ತದೆ.

ಮೊದಲು ಡಿಫಾಲ್ಟ್ 1 ಇತ್ತು. 2016ರಲ್ಲಿ ಬಂದ 4.6ನೇ ಕರ್ನಲ್‌ನಿಂದ 2 ಆಯಿತು. ಹಳೆಯ ಟ್ಯುಟೋರಿಯಲ್‌ನಲ್ಲಿ ಇದ್ದ ಹಾಗೆ ನಿಮ್ಮಲ್ಲಿ ಬಾರದಿರಲು ಇದೂ ಒಂದು ಕಾರಣ. ಮುಖ್ಯ ಕರ್ನಲ್‌ನಲ್ಲಿ 2ಕ್ಕಿಂತ ಮೇಲಿನ ಸಂಖ್ಯೆಗೆ ಬೇರೆ ಅರ್ಥ ಇಲ್ಲ. ಆದರೆ ಡೆಬಿಯನ್‌ನಲ್ಲಿ 3 ಕಾಣುತ್ತೀರಿ, ಈಚಿನ ಉಬುಂಟುವಿನಲ್ಲಿ 4 ಕಾಣುತ್ತೀರಿ. ಇವು ಆ ಡಿಸ್ಟ್ರೋಗಳು ತಾವೇ ಸೇರಿಸಿಕೊಂಡ ಪ್ಯಾಚ್‌ಗಳು. ವಿಶೇಷ ಅಧಿಕಾರ ಇಲ್ಲದವರಿಗೆ ಪರ್ಫ್ ಇವೆಂಟ್ ಓಪನ್ ಅನ್ನೇ ಮುಚ್ಚುತ್ತವೆ. ಕರ್ನಲ್‌ನ ಅಧಿಕೃತ ದಾಖಲೆಯಲ್ಲಿ 4ರ ವಿವರ ಹುಡುಕಿದರೆ ಸಿಗದು.

ಈಗ ಬದಲಿಸುವ ವಿಷಯ. ಸುಡೋ ಎಕೋ ಅಂತ ಬರೆದು, ಆಮೇಲೆ ದೊಡ್ಡದು ಎಂಬ ಚಿಹ್ನೆ ಹಾಕಿ ಆ ಫೈಲಿಗೆ ಕಳಿಸುತ್ತಾರೆ. ಮತ್ತೆ ಪರ್ಮಿಶನ್ ಡಿನೈಡ್ ಬರುತ್ತದೆ. ಸುಡೋ ಹಾಕಿದರೂ ಆಗಲಿಲ್ಲ, ರೂಟ್‌ಗೂ ಅಧಿಕಾರ ಇಲ್ಲ ಅಂದುಕೊಳ್ಳುತ್ತಾರೆ. ಅಲ್ಲಿ ಆಗಿದ್ದೇ ಬೇರೆ. ಫೈಲ್ ತೆರೆಯುವುದು ಎಕೋ ಅಲ್ಲ, ನಿಮ್ಮ ಶೆಲ್. ಶೆಲ್ ಇನ್ನೂ ನಿಮ್ಮ ಹೆಸರಿನಲ್ಲೇ ಓಡುತ್ತಿದೆ. ಸಿಸ್‌ಕಂಟ್ರೋಲ್ (sysctl) ಕಮಾಂಡನ್ನು ಸುಡೋ ಜೊತೆ ಬಳಸಿದರೆ ಈ ತೊಡಕು ಇರುವುದಿಲ್ಲ. ಟೀ ಕಮಾಂಡ್‌ಗೆ ಪೈಪ್ ಮಾಡಿದರೂ ಸರಿ.

ಬದಲಿಸುವುದಾದರೆ ಬೇಕಾದಷ್ಟಕ್ಕೆ ಮಾತ್ರ ಇಳಿಸಿ. ನಿಮ್ಮದೇ ಪ್ರೋಗ್ರಾಂನ ಕರ್ನಲ್ ಭಾಗ ಬೇಕೆಂದರೆ 1 ಸಾಕು. ನೇರ -1ಕ್ಕೆ ಇಳಿಯುವ ಅಗತ್ಯ ನಿಜವಾಗಿ ಬಹಳ ಕಡಿಮೆ. ಈ ಸಂಖ್ಯೆ ಇಡೀ ಮೆಷಿನ್‌ಗೆ ಒಂದೇ ಅನ್ನುವುದನ್ನು ಮರೆಯಬಾರದು. ಬಳಕೆದಾರನಿಗೊಂದು, ಕಂಟೇನರ್‌ಗೊಂದು ಅಂತ ಬೇರೆ ಬೇರೆ ಇರುವುದಿಲ್ಲ. ನೀವು ನಿಮಗಾಗಿ ಇಳಿಸಿದ್ದು ಅಲ್ಲಿ ಓಡುವ ಎಲ್ಲರಿಗೂ ಇಳಿಯುತ್ತದೆ.

ಎರರ್ ಬಾರದ ಎರರ್

ನನಗೆ ಎಲ್ಲಕ್ಕಿಂತ ಕಳವಳ ತರುವುದು ಪರ್ಮಿಶನ್ ಡಿನೈಡ್ ಅಲ್ಲ. ಅದು ಕನಿಷ್ಠ ಬಾಯಿಬಿಟ್ಟು ಹೇಳುತ್ತದೆ. ಏನೂ ಹೇಳದೆ ಅರ್ಧ ಅಳತೆ ಕೊಡುವ ಸಂದರ್ಭ ಇದಕ್ಕಿಂತ ಕೆಟ್ಟದ್ದು.

ಸಂಖ್ಯೆ 2 ಇರುವ ಮೆಷಿನ್‌ನಲ್ಲಿ ಪರ್ಫ್ ಸ್ಟ್ಯಾಟ್ ಓಡಿಸಿ ನೋಡಿ. ಪರ್ಫ್ ಮೊದಲು ಕರ್ನಲ್ ಸೇರಿಸಿ ಕೇಳುತ್ತದೆ. ಕರ್ನಲ್ ಬೇಡ ಅನ್ನುತ್ತದೆ. ಆಗ ಪರ್ಫ್ ತಾನಾಗಿಯೇ ಕರ್ನಲ್ ಭಾಗ ಬಿಟ್ಟು ಮತ್ತೆ ಕೇಳುತ್ತದೆ. ಈ ಬಾರಿ ಸಿಗುತ್ತದೆ. ನಿಮಗೆ ಕಾಣುವುದು ಅಂಕಿಗಳ ಒಂದು ಚಂದದ ಪಟ್ಟಿ. ಸೈಕಲ್ಸ್ ಎಂಬ ಹೆಸರಿನ ಮುಂದೆ ಒಂದು ಕೋಲನ್, ಒಂದು ಯು ಅಕ್ಷರ ಇರುತ್ತದೆ. ಅಷ್ಟೇ ಸುಳಿವು. ಆ ಯು ಅಂದರೆ ಇದು ಯೂಸರ್ ಭಾಗದ ಲೆಕ್ಕ ಮಾತ್ರ ಅಂತ.

ನಿಮ್ಮ ಪ್ರೋಗ್ರಾಂ ಮ್ಯಾಟ್ರಿಕ್ಸ್ ಗುಣಾಕಾರ ಮಾಡುತ್ತಿದ್ದರೆ ತೊಂದರೆ ಇಲ್ಲ. ಅದು ಡೇಟಾಬೇಸ್ ಆಗಿದ್ದರೆ, ಅಥವಾ ಚಿಕ್ಕ ಚಿಕ್ಕ ಪ್ಯಾಕೆಟ್‌ಗಳನ್ನು ನೆಟ್‌ವರ್ಕ್‌ಗೆ ಕಳಿಸುವ ಸರ್ವಿಸ್ ಆಗಿದ್ದರೆ, ಹೊತ್ತಿನ ದೊಡ್ಡ ಪಾಲು ಕರ್ನಲ್ ಒಳಗೇ ಹೋಗುತ್ತಿರಬಹುದು. ಅದು ನಿಮ್ಮ ಪ್ರೊಫೈಲ್‌ನಲ್ಲಿ ಇಲ್ಲವೇ ಇಲ್ಲ. ಉಳಿದದ್ದರಲ್ಲಿ ಮೊದಲು ಕಾಣುವ ಫಂಕ್ಷನ್ ಹಿಡಿದುಕೊಂಡು ವಾರಗಟ್ಟಲೆ ಕೆಲಸ ಮಾಡಬಹುದು. ಏನೂ ವೇಗ ಹೆಚ್ಚುವುದಿಲ್ಲ. ಅದಕ್ಕೇ ಹೇಳುತ್ತೇನೆ, ಅಂಕಿ ನೋಡುವ ಮುಂಚೆ ಅಂಕಿಯ ಹೆಸರು ಪೂರ್ತಿ ಓದಿ.

ಹೆಸರಿಲ್ಲದ ವಿಳಾಸಗಳೂ ಇದೇ ಜಾತಿಯವು. ಕರ್ನಲ್ ಭಾಗ ಕಾಣುತ್ತದೆ, ಆದರೆ ಫಂಕ್ಷನ್ ಹೆಸರಿನ ಜಾಗದಲ್ಲಿ ಅನ್‌ನೋನ್ ಅಂತ ಇರುತ್ತದೆ. ಇದು ಕೆಪಿಟಿಆರ್ ರಿಸ್ಟ್ರಿಕ್ಟ್ ಎಂಬ ಇನ್ನೊಂದು ಸೆಟ್ಟಿಂಗ್‌ನ ಕೆಲಸ. ಕರ್ನಲ್‌ನ ವಿಳಾಸಗಳು ಹೊರಗಿನವರಿಗೆ ಗೊತ್ತಾಗಬಾರದು ಅಂತ ಅದು ಕಾಲ್‌ಸಿಮ್ಸ್ ಎಂಬ, ಕರ್ನಲ್ ಫಂಕ್ಷನ್‌ಗಳ ಹೆಸರು ಮತ್ತು ವಿಳಾಸ ಇರುವ ಪಟ್ಟಿಯಲ್ಲಿ ವಿಳಾಸಗಳ ಜಾಗದಲ್ಲಿ ಸೊನ್ನೆ ತೋರಿಸುತ್ತದೆ. ಪರ್ಫ್ ಇದರ ಬಗ್ಗೆ ಒಂದು ಎಚ್ಚರಿಕೆ ಕೊಡುತ್ತದೆ. ಅದು ಉದ್ದವಾಗಿರುವುದರಿಂದ ಯಾರೂ ಓದುವುದಿಲ್ಲ. ಓದಿ, ಯಾವ ಫೈಲ್ ನೋಡಬೇಕು ಅಂತ ಅದರಲ್ಲೇ ಬರೆದಿರುತ್ತದೆ.

ಇನ್ನು ನಾಟ್ ಸಪೋರ್ಟೆಡ್ ಅಂತ ಬಂದರೆ ಅದು ಪರ್ಮಿಶನ್ ವಿಷಯವೇ ಅಲ್ಲ. ವರ್ಚುವಲ್ ಮೆಷಿನ್‌ಗೆ ಅದನ್ನು ಓಡಿಸುವ ಹೈಪರ್‌ವೈಸರ್ ಸಿಪಿಯು ಕೌಂಟರ್‌ಗಳನ್ನು ಕೊಟ್ಟಿರುವುದಿಲ್ಲ. ಅಲ್ಲಿ ಯಾವ ಸಂಖ್ಯೆ ಬದಲಿಸಿದರೂ ಸೈಕಲ್ಸ್ ಬರುವುದಿಲ್ಲ. ಸಿಪಿಯು ಕ್ಲಾಕ್ ಎಂಬ ಸಾಫ್ಟ್‌ವೇರ್ ಇವೆಂಟ್ ಬಳಸಿ, ಎಲ್ಲಿ ಹೊತ್ತು ಹೋಗುತ್ತಿದೆ ಅನ್ನುವುದಾದರೂ ಗೊತ್ತಾಗುತ್ತದೆ.

ಮೆಷಿನ್‌ಗಲ್ಲ, ಟೂಲ್‌ಗೆ ಕೊಡಿ

2020ರವರೆಗೆ ದೊಡ್ಡ ಕೊರತೆಯೊಂದಿತ್ತು. ಪರ್ಫ್‌ಗೆ ಪೂರ್ತಿ ಅವಕಾಶ ಕೊಡಬೇಕೆಂದರೆ ಕ್ಯಾಪ್ ಸಿಸ್ ಅಡ್ಮಿನ್ ಎಂಬ ಕೇಪಬಿಲಿಟಿ (ರೂಟ್‌ನ ಅಧಿಕಾರದ ಒಂದು ತುಂಡು) ಕೊಡಬೇಕಿತ್ತು. ಅದು ಹೆಚ್ಚುಕಡಿಮೆ ರೂಟ್‌ಗೇ ಸಮ. ಫೈಲ್‌ಸಿಸ್ಟಂ ಮೌಂಟ್ ಮಾಡುವುದರಿಂದ ಹಿಡಿದು ಎಷ್ಟೋ ಕೆಲಸ ಅದರಲ್ಲಿ ಸೇರಿದೆ. ಸಿಪಿಯು ಸೈಕಲ್ ಎಣಿಸಲು ಬಂದವರಿಗೆ ಇಷ್ಟೆಲ್ಲಾ ಕೊಡುವುದು ಸರಿಯಲ್ಲ.

2020ರ ಆಗಸ್ಟ್‌ನಲ್ಲಿ ಬಂದ 5.8ನೇ ಕರ್ನಲ್ ಇದನ್ನು ಬಿಡಿಸಿತು. ಕ್ಯಾಪ್ ಪರ್ಫ್‌ಮಾನ್ ಎಂಬ ಹೊಸ ಕೇಪಬಿಲಿಟಿ ಬಂತು. ಅಳತೆಗೆ ಮಾತ್ರ ಮೀಸಲು. ಇದು ನನಗೆ ತುಂಬಾ ಸಂತೋಷ ಕೊಟ್ಟ ಬದಲಾವಣೆ. ಪ್ಯಾರನಾಯ್ಡ್ ಸಂಖ್ಯೆ 2ರಲ್ಲೇ ಇರಲಿ, ಮೆಷಿನ್ ಎಲ್ಲರಿಗೂ ಮುಚ್ಚಿಯೇ ಇರಲಿ, ಬೇಕಾದ ನಾಲ್ಕು ಜನರಿಗೆ ಮಾತ್ರ ಪರ್ಫ್ ಪೂರ್ತಿ ಕೆಲಸ ಮಾಡಲಿ. ಇದು ಈಗ ಸಾಧ್ಯ.

ಕರ್ನಲ್‌ನ ದಾಖಲೆಯೇ ದಾರಿ ಹೇಳಿದೆ. ಪರ್ಫ್ ಯೂಸರ್ಸ್ ಅಂತ ಒಂದು ಗುಂಪು ಮಾಡಿ. ಪರ್ಫ್ ಬೈನರಿಯನ್ನು ಆ ಗುಂಪಿಗೆ ಸೇರಿಸಿ, ಬೇರೆಯವರು ಅದನ್ನು ಓಡಿಸದ ಹಾಗೆ ಮಾಡಿ. ಆಮೇಲೆ ಸೆಟ್‌ಕ್ಯಾಪ್ ಕಮಾಂಡ್‌ನಿಂದ ಆ ಬೈನರಿಗೆ ಮೂರು ಕೇಪಬಿಲಿಟಿ ಕೊಡಿ: ಪರ್ಫ್‌ಮಾನ್, ಸಿಸ್ ಪಿಟ್ರೇಸ್, ಸಿಸ್‌ಲಾಗ್. ಸಿಸ್‌ಲಾಗ್ ಬೇಕಾಗುವುದು ಕರ್ನಲ್ ಫಂಕ್ಷನ್‌ಗಳ ಹೆಸರು ಕಾಣಲಿಕ್ಕೆ. ಪಿಟ್ರೇಸ್ ಬೇಕಾಗುವುದು ಬೇರೆ ಬಳಕೆದಾರರ ಪ್ರೋಸೆಸ್ ಅಳೆಯಲಿಕ್ಕೆ. 5.9ರಿಂದ ಪರ್ಫ್ ಇವೆಂಟ್ ಓಪನ್ ಮಟ್ಟಿಗೆ ಪಿಟ್ರೇಸ್ ಇಲ್ಲದೆಯೂ ನಡೆಯುತ್ತದೆ.

ಹೇಳಲು ಸುಲಭ, ಆದರೆ ಮಾಡಹೊರಟವರಿಗೆ ಇಲ್ಲಿ ನಾಲ್ಕಾರು ತೊಡಕು ಎದುರಾಗುತ್ತವೆ.

ಉಬುಂಟುವಿನ ಎಷ್ಟೋ ಆವೃತ್ತಿಗಳಲ್ಲಿ ಬಿನ್ ಫೋಲ್ಡರ್‌ನಲ್ಲಿರುವ ಪರ್ಫ್ ನಿಜವಾದ ಪರ್ಫ್ ಅಲ್ಲ. ಅದೊಂದು ಚಿಕ್ಕ ಶೆಲ್ ಸ್ಕ್ರಿಪ್ಟ್. ಈಗ ಓಡುತ್ತಿರುವ ಕರ್ನಲ್ ಆವೃತ್ತಿ ನೋಡಿ, ಲಿನಕ್ಸ್ ಟೂಲ್ಸ್ ಫೋಲ್ಡರ್‌ನಲ್ಲಿರುವ ಅದಕ್ಕೆ ಹೊಂದುವ ಬೈನರಿಯನ್ನು ಕರೆಯುತ್ತದೆ. ಸ್ಕ್ರಿಪ್ಟ್‌ಗೆ ಸೆಟ್‌ಕ್ಯಾಪ್ ಮಾಡಿದರೆ ಯಾವ ಎರರ್ ಸಹ ಬರುವುದಿಲ್ಲ, ಯಾವ ಪರಿಣಾಮವೂ ಆಗುವುದಿಲ್ಲ. ನಿಜವಾದ ಬೈನರಿಗೆ ಕೊಟ್ಟರೆ ಕೆಲಸ ಮಾಡುತ್ತದೆ, ಮುಂದಿನ ಕರ್ನಲ್ ಅಪ್‌ಡೇಟ್‌ವರೆಗೆ. ಆಗ ಹೊಸ ಫೋಲ್ಡರ್, ಹೊಸ ಬೈನರಿ. ಅದಕ್ಕೆ ಕೇಪಬಿಲಿಟಿ ಇಲ್ಲ. ತಿಂಗಳಿಗೊಮ್ಮೆ ತಾನಾಗಿ ಮರಳಿ ಬರುವ ಎರರ್ ಇದ್ದರೆ ಮೊದಲು ಇದನ್ನೇ ನೋಡಿ. ಗೆಟ್‌ಕ್ಯಾಪ್ ಕಮಾಂಡ್ ಕೊಟ್ಟರೆ ಯಾವ ಬೈನರಿಗೆ ಏನಿದೆ ಅಂತ ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ.

ಉಬುಂಟುವಿನ 4, ಡೆಬಿಯನ್‌ನ 3 ಇರುವಲ್ಲಿ ಕೇಪಬಿಲಿಟಿ ಸರಿಯಾಗಿ ಕೊಟ್ಟ ಮೇಲೂ ತಡೆ ಬಂದರೆ, ಸಂಖ್ಯೆಯನ್ನು 2 ಮಾಡಿ ಮತ್ತೆ ನೋಡಿ. ಆಗ ನಡೆದರೆ ತಡೆದದ್ದು ಡಿಸ್ಟ್ರೋ ಸೇರಿಸಿದ ಆ ಪ್ಯಾಚ್. ಕೇಪಬಿಲಿಟಿ ಮತ್ತು 2, ಈ ಜೋಡಿ -1ಕ್ಕಿಂತ ಎಷ್ಟೋ ಮೇಲು.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. 80ನೇ ಪೋರ್ಟ್ ಬಳಸಲಿ ಅಂತ ನಿಮ್ಮ ವೆಬ್ ಸರ್ವರ್ ಬೈನರಿಗೆ ಸೆಟ್‌ಕ್ಯಾಪ್ ಮಾಡಿದ್ದೀರಿ ಅಂದುಕೊಳ್ಳಿ. ಸರ್ವರ್ ನಿಮ್ಮದೇ ಹೆಸರಿನಲ್ಲಿ ಓಡುತ್ತಿದೆ. ಆದರೂ ಪರ್ಫ್ ಅದಕ್ಕೆ ಅಂಟುವುದಿಲ್ಲ, ಎಸ್‌ಟ್ರೇಸ್ (ಪ್ರೋಗ್ರಾಂ ಮಾಡುವ ಸಿಸ್ಟಂ ಕಾಲ್‌ಗಳನ್ನು ತೋರಿಸುವ ಟೂಲ್) ಕೂಡ ಅಂಟುವುದಿಲ್ಲ. ನಿಮ್ಮ ಪ್ರೋಸೆಸ್‌ಗೆ ನಿಮಗೇ ಪರ್ಮಿಶನ್ ಇಲ್ಲ! ಕಾರಣ ಇಷ್ಟೇ. ಫೈಲಿನಿಂದ ಹೆಚ್ಚಿನ ಅಧಿಕಾರ ಪಡೆದ ಪ್ರೋಸೆಸ್ ಅನ್ನು ಕರ್ನಲ್ ಡಂಪ್ ಮಾಡಬಾರದ್ದು ಅಂತ ಗುರುತಿಸುತ್ತದೆ. ಅದರ ಒಳಗನ್ನು ನೋಡಲು ಅದೇ ಬಳಕೆದಾರನಾದರೂ ಸಾಲದು. ಪ್ರಾಕ್‌ನಲ್ಲಿ ಆ ಪ್ರೋಸೆಸ್‌ನ ಫೈಲ್‌ಗಳು ರೂಟ್ ಹೆಸರಿನಲ್ಲಿ ಕಂಡರೆ ಇದೇ ಅಂತ ತಿಳಿಯಿರಿ.

ಕಂಟೇನರ್ ಒಳಗೆ

ಕಂಟೇನರ್ ಒಳಗೆ ನೀವು ರೂಟ್. ಪ್ಯಾರನಾಯ್ಡ್ ಸಂಖ್ಯೆ ಓದಿದರೆ -1 ಅಂತಲೂ ಇರಬಹುದು. ಆದರೂ ಆಪರೇಶನ್ ನಾಟ್ ಪರ್ಮಿಟೆಡ್. ಇಲ್ಲಿ ತಡೆಯುತ್ತಿರುವುದು ಸೆಕಾಂಪ್. ಕಂಟೇನರ್ ಓಡಿಸುವ ಡಾಕರ್‌ನ ಡಿಫಾಲ್ಟ್ ಸೆಕಾಂಪ್ ಪ್ರೊಫೈಲ್‌ನಲ್ಲಿ ಪರ್ಫ್ ಇವೆಂಟ್ ಓಪನ್‌ಗೆ ಸುಮ್ನೆ ಅವಕಾಶ ಇಲ್ಲ. ಕಾಲ್ ಕರ್ನಲ್‌ನ ಪರ್ಫ್ ಭಾಗದ ತನಕ ಹೋಗುವುದೇ ಇಲ್ಲ. ಹಾಗಾಗಿ ಹೋಸ್ಟ್‌ಗೆ, ಅಂದರೆ ಕಂಟೇನರ್ ಓಡುತ್ತಿರುವ ಮೂಲ ಮೆಷಿನ್‌ಗೆ, ಹೋಗಿ ಸಂಖ್ಯೆ ಇಳಿಸಿ ಪ್ರಯೋಜನ ಇಲ್ಲ. ತೊಂದರೆ ಹಾಗೇ ಉಳಿಯುತ್ತದೆ, ಹೋಸ್ಟ್ ಮಾತ್ರ ಸಡಿಲವಾಗುತ್ತದೆ. ಮನೆಯೊಳಗಿನ ಕಪಾಟಿನ ಕೀಲಿ ಸಿಗಲಿಲ್ಲ ಅಂತ ಬೀದಿ ಬಾಗಿಲು ತೆರೆದಿಟ್ಟ ಹಾಗೆ.

ಸರಿಯಾದ ಕೆಲಸ ಅಂದರೆ ಡಿಫಾಲ್ಟ್ ಪ್ರೊಫೈಲ್‌ನ ಪ್ರತಿ ತೆಗೆದು, ಆ ಒಂದು ಕಾಲ್ ಸೇರಿಸಿ, ಆ ಒಂದು ಕಂಟೇನರ್‌ಗೆ ಮಾತ್ರ ಕೊಡುವುದು. ಪ್ರಿವಿಲೆಜ್ಡ್ ಹಾಕಿದರೆ ಸೆಕಾಂಪ್ ಹೋಗುತ್ತದೆ, ಎಲ್ಲ ಕೇಪಬಿಲಿಟಿಗಳೂ ಬರುತ್ತವೆ, ಹೋಸ್ಟ್‌ನ ಡಿವೈಸ್‌ಗಳೂ ತೆರೆದುಕೊಳ್ಳುತ್ತವೆ. ಕೇಳಿದ್ದು ಒಂದು, ಕೊಟ್ಟಿದ್ದು ನೂರು.

ಇದನ್ನು ಊಹಿಸುವ ಬದಲು ನೋಡಿಯೇ ತಿಳಿಯಬಹುದು. ಪ್ರಾಕ್‌ನಲ್ಲಿ ಪ್ರತಿ ಪ್ರೋಸೆಸ್‌ಗೂ ಸ್ಟೇಟಸ್ ಎಂಬ ಫೈಲ್ ಇದೆ. ಅದರಲ್ಲಿ ಮೂರು ಸಾಲು ನೋಡಿ. ಸೆಕಾಂಪ್ ಎಂಬ ಸಾಲಿನಲ್ಲಿ 2 ಇದ್ದರೆ ಫಿಲ್ಟರ್ ಕೂತಿದೆ. ನೋ ನ್ಯೂ ಪ್ರಿವ್ಸ್ ಎಂಬ ಸಾಲಿನಲ್ಲಿ 1 ಇದ್ದರೆ ಫೈಲಿಗೆ ಕೊಟ್ಟ ಕೇಪಬಿಲಿಟಿಗಳು ಕೆಲಸ ಮಾಡುವುದಿಲ್ಲ. ಕ್ಯಾಪ್ ಎಫ್ (CapEff) ಎಂಬ ಸಾಲು ಈಗ ನಿಜವಾಗಿ ಕೈಯಲ್ಲಿರುವ ಕೇಪಬಿಲಿಟಿಗಳನ್ನು ಹೆಕ್ಸ್‌ನಲ್ಲಿ ಹೇಳುತ್ತದೆ. ಪರ್ಫ್‌ಮಾನ್‌ನ ಬಿಟ್ 38ನೆಯದು. ಲೆಕ್ಕ ಹಾಕಲು ಬೇಜಾರಾದರೆ ಕ್ಯಾಪ್‌ಶ್ ಕಮಾಂಡ್‌ಗೆ ಡಿಕೋಡ್ ಮಾಡಲು ಹೇಳಿ.

ಈ ಮೂರು ಸಾಲು ಕುಬರ್ನೆಟಿಸ್‌ನಲ್ಲಿ (ಹಲವು ಮೆಷಿನ್‌ಗಳಲ್ಲಿ ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆ) ತುಂಬಾ ಬೆಲೆಬಾಳುತ್ತವೆ. ಪಾಡ್‌ನ (ಅಲ್ಲಿ ಒಟ್ಟಿಗೆ ಓಡುವ ಕಂಟೇನರ್‌ಗಳ ಗುಂಪಿನ) ಸೆಕ್ಯುರಿಟಿ ಕಾಂಟೆಕ್ಸ್ಟ್‌ನಲ್ಲಿ ಪರ್ಫ್‌ಮಾನ್ ಸೇರಿಸಿರುತ್ತೀರಿ. ಆದರೆ ಪ್ರೋಸೆಸ್ ರೂಟ್ ಅಲ್ಲದ ಬಳಕೆದಾರನಾಗಿ ಓಡುತ್ತಿದೆ. ಆಗ ಕ್ಯಾಪ್ ಎಫ್ ಸೊನ್ನೆಯೇ ಇರುತ್ತದೆ. ಸೇರಿಸಿದ್ದು ಮಿತಿಯ ಪಟ್ಟಿಗೆ ಬಂದಿರುತ್ತದೆ, ಕೈಗೆ ಬಂದಿರುವುದಿಲ್ಲ. ಸರಿ, ಬೈನರಿಗೇ ಸೆಟ್‌ಕ್ಯಾಪ್ ಮಾಡೋಣ ಅಂತ ಇಮೇಜ್ ಕಟ್ಟುವಾಗ ಮಾಡಿದರೆ, ಅಲೋ ಪ್ರಿವಿಲೆಜ್ ಎಸ್ಕಲೇಶನ್ ಫಾಲ್ಸ್ ಅಂತ ಇರುತ್ತದೆ. ಅದು ನೋ ನ್ಯೂ ಪ್ರಿವ್ಸ್ ಅನ್ನು 1 ಮಾಡುತ್ತದೆ. ಅಲ್ಲಿಗೆ ಆ ದಾರಿಯೂ ಮುಚ್ಚಿತು. ಇದು ತಿಳಿಯದೆ ಯಾಮಲ್ ಫೈಲನ್ನು ಹಿಂದೆ ಮುಂದೆ ಬದಲಿಸುತ್ತಾ ಹೋದರೆ ದಿನಗಳೇ ಕಳೆಯುತ್ತವೆ. ಸಿಸ್ಟಂಡಿ ಸರ್ವಿಸ್‌ಗಳಲ್ಲಿಯೂ ನೋ ನ್ಯೂ ಪ್ರಿವಿಲೆಜಸ್ ಎಂಬ ಇದೇ ಆಯ್ಕೆ ಇದೆ.

ರೂಟ್‌ಲೆಸ್ ಕಂಟೇನರ್‌ನಲ್ಲಿ (ಹೋಸ್ಟ್‌ನ ಸಾಮಾನ್ಯ ಬಳಕೆದಾರ ಓಡಿಸುವಂಥದ್ದು) ಕ್ಯಾಪ್ ಎಫ್ ಕೂಡ ದಾರಿ ತಪ್ಪಿಸಬಹುದು. ಅಲ್ಲಿ ಎಲ್ಲ ಕೇಪಬಿಲಿಟಿ ಇದ್ದ ಹಾಗೆ ಕಾಣುತ್ತದೆ. ಅವು ಆ ಕಂಟೇನರ್‌ನ ಯೂಸರ್ ನೇಮ್‌ಸ್ಪೇಸ್ (ಬಳಕೆದಾರರ ಪ್ರತ್ಯೇಕ ಪಟ್ಟಿ) ಒಳಗೆ ಮಾತ್ರ ನಡೆಯುವಂಥವು. ಪರ್ಫ್‌ಮಾನ್ ಇದೆಯಾ ಅಂತ ಕರ್ನಲ್ ನೋಡುವುದು ಹೋಸ್ಟ್‌ನ ಮೂಲ ನೇಮ್‌ಸ್ಪೇಸ್‌ನಲ್ಲಿ. ಹಾಗಾಗಿ ಇಲ್ಲ ಅಂತಲೇ ಉತ್ತರ ಬರುತ್ತದೆ. ಯುಐಡಿ ಮ್ಯಾಪ್ ಫೈಲ್ ನೋಡಿ. ಒಳಗಿನ 0 ಹೊರಗಿನ 0ಗೆ ಹೊಂದಿಕೆಯಾಗದಿದ್ದರೆ ನೀವು ಇಂಥ ಕಡೆ ಇದ್ದೀರಿ. ಇಲ್ಲಿ ಒಳಗಿನಿಂದ ಹೋರಾಡಿ ಫಲವಿಲ್ಲ. ಹೋಸ್ಟ್‌ನಲ್ಲಿ ಕೂತು ಆ ಪ್ರೋಸೆಸ್‌ನ ಐಡಿ ಹಿಡಿದು ಅಳೆಯುವುದೇ ಒಳ್ಳೆಯದು.

ಉಳಿದ ಕೆಲವು

ಬಫರ್ ಮ್ಯಾಪ್ ಮಾಡುವಾಗ ಆಪರೇಶನ್ ನಾಟ್ ಪರ್ಮಿಟೆಡ್ ಬಂದರೆ ಅದು ಮೆಮೊರಿ ಮಿತಿ. ಪರ್ಫ್ ಇವೆಂಟ್ ಎಂಲಾಕ್ ಕೆಬಿ ಎಂಬ ಸೆಟ್ಟಿಂಗ್ ಡಿಫಾಲ್ಟ್ ಆಗಿ 516 ಇರುತ್ತದೆ. ದೊಡ್ಡ ಬಫರ್ ಕೇಳಿದರೆ ಸಾಲುವುದಿಲ್ಲ. ಬಫರ್ ಚಿಕ್ಕದು ಮಾಡಿ ಅಥವಾ ಮಿತಿ ಏರಿಸಿ. ಇವೆಂಟ್ ನೋಡುವ ಅಧಿಕಾರಕ್ಕೂ ಇದಕ್ಕೂ ಸಂಬಂಧ ಇಲ್ಲ.

ಪರ್ಫ್ ಟ್ರೇಸ್, ಟ್ರೇಸ್‌ಪಾಯಿಂಟ್ ಪಟ್ಟಿ ಇವು ಟ್ರೇಸ್‌ಎಫ್‌ಎಸ್‌ನ (ಕರ್ನಲ್‌ನ ಟ್ರೇಸ್ ಮಾಹಿತಿ ಫೈಲ್ ರೂಪದಲ್ಲಿ ಸಿಗುವ ಫೋಲ್ಡರ್) ಫೈಲ್‌ಗಳನ್ನು ಓದಬೇಕು. ಆ ಫೋಲ್ಡರ್ ರೂಟ್‌ಗೆ ಮಾತ್ರ ತೆರೆದಿರುತ್ತದೆ. ಇದು ಸಾಮಾನ್ಯ ಫೈಲ್ ಪರ್ಮಿಶನ್. ಪರ್ಫ್‌ಮಾನ್ ಕೊಟ್ಟರೂ ಆ ಬಾಗಿಲು ತೆರೆಯದು.

ಎಸ್‌ಟ್ರೇಸ್ ಅಥವಾ ಜಿಡಿಬಿ ಓಡುತ್ತಿರುವ ಪ್ರೋಸೆಸ್‌ಗೆ ಅಂಟದಿದ್ದರೆ ಯಾಮಾ ಎಂಬ ಕರ್ನಲ್ ಸುರಕ್ಷತಾ ಭಾಗದ ಪಿಟ್ರೇಸ್ ಸ್ಕೋಪ್ ಸೆಟ್ಟಿಂಗ್ ನೋಡಿ. 1 ಇದ್ದರೆ ನೀವೇ ಶುರುಮಾಡಿದ ಮಕ್ಕಳ ಪ್ರೋಸೆಸ್‌ಗಳಿಗೆ ಮಾತ್ರ ಅವಕಾಶ. ಟೂಲ್ ಮೂಲಕವೇ ಪ್ರೋಗ್ರಾಂ ಶುರುಮಾಡಿದರೆ ಏನೂ ಬದಲಿಸದೆ ಕೆಲಸ ಆಗುತ್ತದೆ. ಪಿಎಸ್ ಕೊಟ್ಟಾಗ ಬೇರೆಯವರ ಪ್ರೋಸೆಸ್‌ಗಳು ಕಾಣದಿದ್ದರೆ ಪ್ರಾಕ್ ಅನ್ನು ಹೈಡ್‌ಪಿಡ್ ಆಯ್ಕೆಯೊಂದಿಗೆ ಮೌಂಟ್ ಮಾಡಿರಬಹುದು.

ಹೋಸ್ಟ್‌ನ ನಿಜವಾದ ರೂಟ್‌ಗೂ ಇಲ್ಲ ಅಂದರೆ ಸೆಲಿನಕ್ಸ್ ಅಥವಾ ಲಾಕ್‌ಡೌನ್ ನೋಡಿ. ಸೆಲಿನಕ್ಸ್ ತಡೆದದ್ದು ಆಡಿಟ್ ಲಾಗ್‌ನಲ್ಲಿ ಇರುತ್ತದೆ. ಲಾಕ್‌ಡೌನ್ ಅಂದರೆ ರೂಟ್‌ನಿಂದಲೂ ಕರ್ನಲ್ ಅನ್ನು ಕಾಯುವ ವ್ಯವಸ್ಥೆ, 5.4ನೇ ಕರ್ನಲ್‌ನಲ್ಲಿ ಬಂತು. ಸೆಕ್ಯೂರ್ ಬೂಟ್ ಇದ್ದಾಗ ಹಲವು ಡಿಸ್ಟ್ರೋಗಳು ಅದನ್ನು ತಾವಾಗಿ ಚಾಲೂ ಮಾಡುತ್ತವೆ. ತಡೆದಾಗ ಕರ್ನಲ್ ಲಾಗ್‌ನಲ್ಲಿ ಲಾಕ್‌ಡೌನ್ ಎಂಬ ಹೆಸರಿನಿಂದಲೇ ಸಾಲು ಬೀಳುತ್ತದೆ.

ಹಾಗಾದರೆ ಎಲ್ಲಿಂದ ಶುರುಮಾಡಲಿ ಅಂದರೆ, ನಾನು ಎಸ್‌ಟ್ರೇಸ್‌ನಿಂದ ಶುರುಮಾಡುತ್ತೇನೆ. ತಡೆ ಬಂದ ಟೂಲನ್ನೇ ಎಸ್‌ಟ್ರೇಸ್ ಕೆಳಗೆ ಓಡಿಸುತ್ತೇನೆ. ಸೋತ ಕಾಲ್ ಯಾವುದು? ಅದು ಫೈಲ್ ತೆರೆಯುವ ಕಾಲ್ ಆಗಿದ್ದರೆ ಫೈಲಿನ ಹೆಸರೂ ಅಲ್ಲೇ ಕಾಣುತ್ತದೆ, ಲೆಕ್ಕ ಅಲ್ಲಿಗೇ ಮುಗಿಯಿತು. ಪರ್ಫ್ ಇವೆಂಟ್ ಓಪನ್ ಸೋತಿದ್ದರೆ ಬಂದ ನಂಬರ್ ನೋಡುತ್ತೇನೆ. 13 ಅಂದರೆ ಪರ್ಮಿಶನ್ ಡಿನೈಡ್, ಮೊದಲ ಗುಮಾನಿ ಪ್ಯಾರನಾಯ್ಡ್ ಸಂಖ್ಯೆಯ ಮೇಲೆ. 1 ಅಂದರೆ ಆಪರೇಶನ್ ನಾಟ್ ಪರ್ಮಿಟೆಡ್, ಕಂಟೇನರ್ ಒಳಗಿದ್ದರೆ ಮೊದಲ ಗುಮಾನಿ ಸೆಕಾಂಪ್ ಮೇಲೆ. ಇದು ಕಟ್ಟುನಿಟ್ಟಾದ ನಿಯಮ ಅಲ್ಲ, ಪ್ಯಾರನಾಯ್ಡ್ ಕೂಡ ಕೆಲವೊಮ್ಮೆ 1 ಕೊಡುತ್ತದೆ. ಆದರೂ ಹುಡುಕಾಟ ಎಲ್ಲಿಂದ ಶುರು ಅನ್ನಲು ಸಾಕು.

ಸಭೆಯ ಎರಡು ಪ್ರಶ್ನೆಗಳು

ವಿಂಡೋಸ್‌ನಲ್ಲೂ ಹೀಗೇನಾ ಅಂತ ಒಬ್ಬರು ಕೇಳಿದರು. ಅಲ್ಲಿ ಇದಕ್ಕಾಗಿಯೇ ಎರಡು ಗುಂಪುಗಳು ಮೊದಲೇ ಇರುತ್ತವೆ. ಪರ್ಫಾರ್ಮೆನ್ಸ್ ಮಾನಿಟರ್ ಯೂಸರ್ಸ್ ಗುಂಪಿನವರು ಕೌಂಟರ್‌ಗಳನ್ನು ನೋಡಬಹುದು. ಪರ್ಫಾರ್ಮೆನ್ಸ್ ಲಾಗ್ ಯೂಸರ್ಸ್ ಗುಂಪಿನವರು ಅದರ ಜೊತೆಗೆ ಲಾಗ್ ಕೂಡ ಶೇಖರಿಸಬಹುದು. ಅಡ್ಮಿನ್ ಮಾಡುವ ಅಗತ್ಯ ಇಲ್ಲ. ಗುಂಪಿಗೆ ಸೇರಿಸಿದ ಮೇಲೆ ಲಾಗ್‌ಔಟ್ ಮಾಡಿ ಮತ್ತೆ ಒಳಗೆ ಬರಬೇಕು. ಹಳೆಯ ಸೆಶನ್‌ಗೆ ಹೊಸ ಗುಂಪು ಗೊತ್ತಿರುವುದಿಲ್ಲ. ಲಿನಕ್ಸ್‌ನ ಪರ್ಫ್ ಯೂಸರ್ಸ್ ಗುಂಪಿಗೂ ಇದೇ ಮಾತು.

ಇನ್ನೊಬ್ಬ ವಿದ್ಯಾರ್ಥಿನಿ ಕೇಳಿದ್ದು ನನಗೆ ಹೆಚ್ಚು ಮುಖ್ಯ ಅನ್ನಿಸಿತು. ಕಾಲೇಜಿನ ಲ್ಯಾಬ್ ಸರ್ವರ್‌ನಲ್ಲಿ ನಮಗೆ ರೂಟ್ ಇಲ್ಲ ಸರ್, ಸಂಖ್ಯೆ 4 ಇದೆ, ನಾವು ಅಳೆಯುವುದು ಹೇಗೆ?

ನೋಡಮ್ಮ, ಇವತ್ತೇ ಮಾಡಬಹುದಾದದ್ದು ಇದೆ. ವಾಲ್‌ಗ್ರಿಂಡ್‌ನ ಕ್ಯಾಶ್‌ಗ್ರಿಂಡ್, ಕಾಲ್‌ಗ್ರಿಂಡ್ ಓಡಿಸಲು ಯಾವ ಅಪ್ಪಣೆಯೂ ಬೇಡ. ಅವು ಚಿಪ್‌ನ ಕೌಂಟರ್ ಮುಟ್ಟುವುದೇ ಇಲ್ಲ, ನಿಮ್ಮ ಪ್ರೋಗ್ರಾಂ ಅನ್ನು ಒಂದೊಂದು ಸೂಚನೆಯಾಗಿ ಅನುಕರಿಸಿ ಎಣಿಸುತ್ತವೆ. ನಿಧಾನ, ಆದರೆ ಕಲಿಯಲು ಚೆನ್ನಾಗಿದೆ. ಜಿಪ್ರಾಫ್ ಸಹ ಆಗುತ್ತದೆ. ಗ್ನು ಟೈಮ್ ಕಮಾಂಡ್‌ಗೆ ವಿ ಆಯ್ಕೆ ಕೊಟ್ಟರೆ ಎಷ್ಟು ಮೆಮೊರಿ, ಎಷ್ಟು ಪೇಜ್ ಫಾಲ್ಟ್, ಎಷ್ಟು ಸಲ ಸಿಪಿಯು ಕೈಬದಲಾಯಿತು ಎಲ್ಲವನ್ನೂ ಹೇಳುತ್ತದೆ.

ಆದರೆ ನಿಜವಾದ ಕೌಂಟರ್ ನೋಡುವುದು ನಿಮಗೆ ಬೇಕು. ಅದು ಬೇಡಿಕೆ ಅಲ್ಲ, ಓದಿನ ಭಾಗ. ಕ್ಯಾಶ್ ಮಿಸ್ ಅಂದರೇನು ಅಂತ ಪುಸ್ತಕದಲ್ಲಿ ಓದಿ, ತನ್ನ ಪ್ರೋಗ್ರಾಂನಲ್ಲಿ ಅದನ್ನು ಎಂದೂ ಕಾಣದೆ ಪದವಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಲ್ಯಾಬ್ ಅಡ್ಮಿನ್ ಹತ್ತಿರ ಹೋಗಿ. ರೂಟ್ ಕೊಡಿ ಅಂತ ಕೇಳಬೇಡಿ, -1 ಮಾಡಿ ಅಂತಲೂ ಕೇಳಬೇಡಿ. ಅವರು ಆಗಲ್ಲ ಅಂದರೆ ಅದು ಸರಿಯೇ. ಹೀಗೆ ಕೇಳಿ: ನಮಗೆ ನಮ್ಮ ಪ್ರೋಗ್ರಾಂಗಳ ಯೂಸರ್ ಭಾಗ ಅಳೆದರೆ ಸಾಕು, ಇಂಥ ಲ್ಯಾಬ್ ಅವಧಿಯಲ್ಲಿ ಇಂಥ ಒಂದು ಮೆಷಿನ್‌ನಲ್ಲಿ ಸಂಖ್ಯೆಯನ್ನು 4ರಿಂದ 2 ಮಾಡಿಕೊಡಿ. ಮುಖ್ಯ ಕರ್ನಲ್‌ನ ಡಿಫಾಲ್ಟೇ 2 ಅಂತಲೂ ಹೇಳಿ. ಅದು ಬರೀ ಒಂದು ಸಾಲಿನ ಕೆಲಸ. ಸಿಸ್‌ಕಂಟ್ರೋಲ್ ಡಿ ಫೋಲ್ಡರ್‌ನಲ್ಲಿ ಆ ಸಾಲು ಇರುವ ಒಂದು ಫೈಲ್, ಮೇಲೆ ಯಾಕೆ, ಯಾರಿಗೆ, ಯಾವತ್ತಿನವರೆಗೆ ಅಂತ ಒಂದು ಕಾಮೆಂಟ್.